ಸಿಮ್ಯುಲೇಟರಲ್ಲಿ ನಾಬ್ ತಿರುಗ್ಸೋಕೆ ಯಾವ್ದು ವಾಸಿ: ಮೌಸಾ, ಕೀಬೋರ್ಡಾ, ಟ್ಯಾಬಾ, ಮನೇಲಿ ಮಾಡಿದ ಬಾಕ್ಸಾ?

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಅನ್ನೋ ವಿಮಾನ ಹಾರಿಸೋ ಗೇಮಲ್ಲಿ ಜಾಯ್‌ಸ್ಟಿಕ್ ಹಿಡ್ಕೊಂಡು ಹಾರಿಸೋದೇನೂ ಅಷ್ಟು ಕಷ್ಟ ಅಲ್ಲ, ಇಳಿಯೋ ಹೊತ್ತಿಗೆ ಆಟೋಪೈಲಟ್ ನಾಬ್‌ಗಳಲ್ಲಿ ಹೆಡಿಂಗ್ (ಹೋಗೋ ದಿಕ್ಕು) ತಿರುಗಿಸ್ಬೇಕು, ಆಲ್ಟಿಟ್ಯೂಡ್ (ಎತ್ತರ) ಸೆಟ್ ಮಾಡ್ಬೇಕು, ಸ್ಪೀಡ್ ಇಳಿಸ್ಬೇಕು, ಎಲ್ಲಾ ಒಟ್ಟಿಗೇ ಬರುತ್ತಲ್ಲ, ಅಲ್ಲೇ ಕೈ ಸಾಲಲ್ಲ. ಅದಕ್ಕೆ ನನಗೆ ಗೊತ್ತಿರೋ ದಾರಿನೆಲ್ಲ ಒಂದೇ ರೂಟಲ್ಲಿ ಟ್ರೈ ಮಾಡಿದೆ, ಬೆಂಗಳೂರಿಂದ ಮಂಗಳೂರಿಗೆ, ಫ್ಲೈಬೈವೈರ್ ಅನ್ನೋ ತಂಡದೋರು ಮಾಡಿರೋ ಫ್ರೀ ಎ320 ಪ್ರಯಾಣಿಕ ವಿಮಾನದಲ್ಲಿ ಮತ್ತೆ ಜಿ1000 ಅನ್ನೋ ಸ್ಕ್ರೀನ್ ಪ್ಯಾನಲ್ ಇರೋ ಸಣ್ಣ ಸೆಸ್ನಾ 172ರಲ್ಲಿ. ಮಂಗಳೂರೇ ಯಾಕೆ ಅಂದ್ರೆ ಅದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ, ಉದ್ದ 2450 ಮೀಟರ್, ಅಲ್ಲಿ ಕಣ್ಣು ಹೊರಗಡೆ ಇರ್ಬೇಕು, ಪ್ಯಾನಲ್ ಮೇಲೆ ಕರ್ಸರ್ ಹುಡುಕ್ತಾ ಕೂರೋಕೆ ಟೈಮಿಲ್ಲ.

ಮೊದಲು ಮೌಸ್. ಇದರಲ್ಲೇ ಎರಡು ಥರ ಇದೆ, ತುಂಬಾ ಜನ ಆ ಸೆಟ್ಟಿಂಗ್ ಕಡೆ ನೋಡೋದೇ ಇಲ್ಲ. 2021ರ ಜುಲೈನಲ್ಲಿ ಸಿಮ್ ಅಪ್‌ಡೇಟ್ 5 ಜೊತೆ ಲಾಕ್ ಅನ್ನೋ ಮೋಡ್ ಬಂತು, ನಾಬ್ ಮೇಲೆ ಹೋದ್ರೆ ನೀಲಿ ಬಣ್ಣ ಆಗುತ್ತೆ, ಕ್ಲಿಕ್ ಮಾಡಿ ಹಿಡ್ಕೊಂಡ್ರೆ ಅದೇ ನಾಬ್ ಸಿಕ್ಕಾಕ್ಕೊಂಡಿರುತ್ತೆ, ವೀಲ್ ತಿರುಗಿಸಿದ್ರೆ ಬದಲಾಗುತ್ತೆ. ಹಳೇದು ಲೆಗಸಿ, ಅದರಲ್ಲಿ ಕರ್ಸರ್ ನಾಬ್ ಮೇಲಿಟ್ಟು ಸೀದಾ ವೀಲ್ ತಿರುಗಿಸೋದು. ಆಕ್ಸೆಸಿಬಿಲಿಟಿ ಸೆಟ್ಟಿಂಗಲ್ಲಿ ಕಾಕ್‌ಪಿಟ್ ಇಂಟರಾಕ್ಷನ್ ಅಂತ ಇರುತ್ತೆ, ಅಲ್ಲಿ ಬದಲಾಯಿಸಬಹುದು. ವಿಮಾನ ಅಲುಗಾಡುವಾಗ ಕರ್ಸರ್ ಜಾರಲ್ಲ ಅನ್ನೋದು ಲಾಕ್‌ನ ನಿಜವಾದ ಲಾಭ, ಆದ್ರೆ ಪ್ರತಿ ನಾಬಿಗೂ ಹಿಡಿ, ತಿರುಗಿಸು, ಬಿಡು ಅಂತ ಮಾಡೋದ್ರಲ್ಲಿ ಹೊತ್ತು ಹೋಗುತ್ತೆ. ಲೆಗಸಿ ಚುರುಕು, ಸ್ವಿಚ್‌ಗಳಿಗಂತೂ ನನಗೆ ಅದೇ ಇಷ್ಟ. ಆದ್ರೆ ಜಿ1000ದಲ್ಲಿ ರೂಟ್ ಹಾಕೋಕೆ ಬಳಸೋ ಎಫ್ಎಂಎಸ್ ನಾಬ್ ಒಂದರೊಳಗೆ ಒಂದು ಇರೋ ಜೋಡಿ ನಾಬು, ಲೆಗಸಿಯಲ್ಲಿ ಹೊರಗಿಂದು ಬೇಕು ಅಂತ ಹೋದ್ರೆ ಒಳಗಿಂದು ತಿರುಗುತ್ತೆ. ಝೂಮ್ ಮಾಡಿದ ಒಂದು ವ್ಯೂನ ಕಂಟ್ರೋಲ್ ಆಲ್ಟ್ ಜೊತೆ ನಂಬರ್ ಒತ್ತಿ ಸೇವ್ ಮಾಡ್ಕೊಳ್ಳಿ, ಆಮೇಲೆ ಆಲ್ಟ್ ಮತ್ತೆ ಅದೇ ನಂಬರ್ ಒತ್ತಿದ್ರೆ ಸೀದಾ ಅಲ್ಲಿಗೇ ಹೋಗುತ್ತೆ, ಈ ತೊಂದರೆ ಅರ್ಧ ಕಮ್ಮಿ ಆಗುತ್ತೆ.

ಕೀಬೋರ್ಡ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಗೇರಿಗೆ (ಇಳಿಯೋ ಚಕ್ರ) ಜಿ, ಆಲ್ಟಿಮೀಟರ್ (ಎತ್ತರ ತೋರಿಸೋ ಮೀಟರ್) ಸೆಟ್ ಮಾಡೋಕೆ ಬಿ, ಇಂಥ ಒಂದೇ ಸಲ ಒತ್ತೋ ಕೆಲಸಕ್ಕೆ ಅದನ್ನ ಮೀರಿಸೋದು ಬೇರೆ ಇಲ್ಲ, ಆದ್ರೆ ಹೆಡಿಂಗ್ 060ಯಿಂದ 240ಗೆ ತರೋಕೆ ಕೀ ಒತ್ತಿ ಹಿಡಿಯೋದು ಬೇಜಾರಿನ ಕೆಲಸ.

ಟ್ಯಾಬ್ಲೆಟ್ ನನಗೆ ಇಷ್ಟ ಆಯ್ತು, ಒಂದೇ ಒಂದು ವಿಷಯಕ್ಕೆ. ಫ್ಲೈಬೈವೈರ್‌ನ ಸಿಮ್‌ಬ್ರಿಡ್ಜ್ ಅನ್ನೋ ಸಾಫ್ಟ್‌ವೇರ್ ಹಾಕಿದ್ರೆ ಎ320ರ ಎಂಸಿಡಿಯು (ರೂಟ್ ಟೈಪ್ ಮಾಡೋ ಕೀಪ್ಯಾಡ್ ಸ್ಕ್ರೀನ್) ಮನೆ ವೈಫೈನಲ್ಲೇ ಟ್ಯಾಬಿನ ಬ್ರೌಸರಲ್ಲಿ ತೆರ್ಕೊಳ್ಳುತ್ತೆ, ರೂಟ್ ಟೈಪ್ ಮಾಡೋಕೆ ಬೆರಳು ಮೌಸಿಗಿಂತ ಎಷ್ಟೋ ವಾಸಿ. ಆದ್ರೆ ಗಾಜಿನ ಮೇಲೆ ಬರೆದಿರೋ ನಾಬ್‌ನ ನೋಡ್ದೆ ಮುಟ್ಟೋಕಾಗಲ್ಲ, ಹಾಗಾಗಿ ಅಪ್ರೋಚಲ್ಲಿ, ಅಂದ್ರೆ ಇಳಿಯೋಕೆ ರನ್‌ವೇ ಕಡೆ ಬರುವಾಗ, ಅದು ಉಪಯೋಗಕ್ಕೆ ಬರಲ್ಲ.

ಈಗ ಬಾಕ್ಸಿನ ವಿಷಯ, ನನ್ನ ಮಟ್ಟಿಗೆ ಗೆದ್ದಿದ್ದು ಇದೇ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ ಆರ್ಡುಯಿನೋ ಮೆಗಾ ಬೋರ್ಡು (ಕಂಪ್ಯೂಟರಿಗೆ ಸಿಗಿಸೋ ಸಣ್ಣ ಸರ್ಕ್ಯೂಟ್), ನಾಲ್ಕು ರೋಟರಿ ಎನ್‌ಕೋಡರು (ಯಾವ ಕಡೆ ಎಷ್ಟು ತಿರುಗಿತು ಅಂತ ತಿಳಿಸೋ ನಾಬು), ಸ್ವಲ್ಪ ವೈರು, ಒಂದು ಪ್ಲಾಸ್ಟಿಕ್ ಡಬ್ಬಿ, ಇಷ್ಟೇ. ಎನ್‌ಕೋಡರ್ ಒಂದು ಕಡೆ ಮೂರು ಕಾಲು ಇರುತ್ತೆ, ನಡುವಿಂದು ಗ್ರೌಂಡಿಗೆ, ಆಚೆ ಈಚೆದು ಎರಡು ಪಿನ್ನಿಗೆ, ಇನ್ನೊಂದು ಕಡೆ ಇರೋ ಎರಡು ಕಾಲು ಒತ್ತೋ ಬಟನ್ನಿಂದು, ಒಂದು ಪಿನ್ನಿಗೆ ಒಂದು ಗ್ರೌಂಡಿಗೆ. ಅಂದ್ರೆ ಒಂದಕ್ಕೆ ಮೂರು ಪಿನ್, ಮೆಗಾದಲ್ಲಿ 54 ಡಿಜಿಟಲ್ ಪಿನ್ ಇದೆ, ಧಾರಾಳ. ಬೋರ್ಡನ್ನ ಸಿಮ್ಯುಲೇಟರಿಗೆ ಜೋಡಿಸೋ ಸಾಫ್ಟ್‌ವೇರು ಮೊಬಿಫ್ಲೈಟ್, ಫ್ರೀ, ಕೋಡ್ ಬರೆಯೋದೇ ಬೇಡ, ವಿಮಾನ ಆರಿಸಿ ರೆಡಿ ಇರೋ ಪ್ರೀಸೆಟ್ ಹಾಕಿದ್ರೆ ಆಯ್ತು. ಅದರಲ್ಲಿ ನಿಧಾನಕ್ಕೆ ತಿರುಗಿಸಿದ್ರೆ ಒಂದು, ಜೋರಾಗಿ ತಿರುಗಿಸಿದ್ರೆ ಹತ್ತು ಡಿಗ್ರಿ ಅಂತ ಬೇರೆ ಬೇರೆ ಕೊಡಬಹುದು, ಇದೊಂದಕ್ಕೇ ಮೌಸ್ ಪಕ್ಕಕ್ಕಿಟ್ಟೆ.

ಎ320ರ ಎಫ್‌ಸಿಯುನಲ್ಲಿ (ಆಟೋಪೈಲಟ್ ನಾಬ್‌ಗಳಿರೋ ಪ್ಯಾನಲ್) ಇರೋ ಹಾಗೇ ಎಡದಿಂದ ಸ್ಪೀಡ್, ಹೆಡಿಂಗ್, ಆಲ್ಟಿಟ್ಯೂಡ್, ವರ್ಟಿಕಲ್ ಸ್ಪೀಡ್ (ಏರೋ ಇಳಿಯೋ ವೇಗ) ಕೂರಿಸಿದೀನಿ. ಒಂದು ಕೊರತೆ ಅಂದ್ರೆ ನಿಜವಾದ್ರಲ್ಲಿ ಸ್ಪೀಡ್, ಹೆಡಿಂಗ್, ಆಲ್ಟಿಟ್ಯೂಡ್ ನಾಬ್ ಒತ್ತಿದ್ರೆ ಮ್ಯಾನೇಜ್ಡ್ (ವಿಮಾನದ ಕಂಪ್ಯೂಟರೇ ನೋಡ್ಕೊಳ್ಳುತ್ತೆ), ಎಳೆದ್ರೆ ಸೆಲೆಕ್ಟೆಡ್ (ನಾವು ಕೊಟ್ಟ ಅಂಕಿ), ಆದ್ರೆ ಈ ಎನ್‌ಕೋಡರ್ ಒತ್ತೋಕೆ ಮಾತ್ರ ಬರುತ್ತೆ, ಎಳೆಯೋಕೆ ಪಕ್ಕದಲ್ಲಿ ಬೇರೆ ಬಟನ್ ಹಾಕ್ಬೇಕು. ಇನ್ನೊಂದು, ನಾಲ್ಕಕ್ಕೂ ಒಂದೇ ಥರ ಕ್ಯಾಪ್ ಹಾಕ್ಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರಲ್ಲಿ ಫ್ಲಾಪ್ (ರೆಕ್ಕೆ ಹಿಂದೆ ಇಳಿಸೋ ಪಟ್ಟಿ) ಮತ್ತೆ ಗೇರಿನ ಸ್ವಿಚ್ ಒಂದೇ ಥರ ಅಕ್ಕಪಕ್ಕ ಇದ್ದು, ಪೈಲಟ್‌ಗಳು ಇಳಿದ ಮೇಲೆ ಫ್ಲಾಪ್ ಅಂದ್ಕೊಂಡು ಗೇರ್ ಎತ್ತಿಬಿಡ್ತಿದ್ರು, ಆಲ್ಫೋನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞರು ಗೇರಿಗೆ ಚಕ್ರದ ಆಕಾರ, ಫ್ಲಾಪಿಗೆ ಬೆಣೆ ಆಕಾರ ಕೊಟ್ಟು ಅದನ್ನ ಬಗೆಹರಿಸಿದ್ರು. ಇವತ್ತಿನ ವಿಮಾನಗಳಲ್ಲೂ ಗೇರ್ ಲಿವರ್ ತುದಿ ಚಕ್ರದ ಥರನೇ ಇರುತ್ತೆ. ನನ್ನ ಹೆಡಿಂಗ್ ನಾಬಿಗೆ ರಬ್ಬರ್ ರಿಂಗ್ ಹಾಕಿದೀನಿ, ಆಲ್ಟಿಟ್ಯೂಡಿಗೆ ದಪ್ಪ ಕ್ಯಾಪ್, ಮಂಗಳೂರಿನ ಫೈನಲಲ್ಲಿ (ಇಳಿಯೋ ಕೊನೇ ಹಂತ) ರನ್‌ವೇ ಮೇಲಿಂದ ಕಣ್ಣು ತೆಗೀದೆ ಯಾವುದು ಯಾವುದು ಅಂತ ಬೆರಳಿಗೇ ಗೊತ್ತಾಗುತ್ತೆ.

ದುಡ್ಡು ಇರೋರು ಹನಿಕಾಂಬ್ ಬ್ರಾವೋ ಅನ್ನೋ ರೆಡಿಮೇಡ್ ಥ್ರಾಟಲ್ ಬಾಕ್ಸ್ ತಗೋಬಹುದು, ಆಟೋಪೈಲಟ್ ಪ್ಯಾನಲ್, ಟ್ರಿಮ್ ವೀಲ್ (ವಿಮಾನದ ಮೂತಿ ಮೇಲೆ ಕೆಳಗೆ ಹೊಂದಿಸೋ ಚಕ್ರ), ಗೇರ್ ಲಿವರ್ ಎಲ್ಲ ಒಂದರಲ್ಲೇ ಇದೆ, ಫ್ರೆಂಡ್ ಮನೇಲಿ ಹಾರಿಸಿ ನೋಡಿದೀನಿ, ಟ್ರಿಮ್ ವೀಲ್ ತುಂಬಾ ಚೆನ್ನಾಗಿದೆ. ಆದ್ರೆ ಆಟೋಪೈಲಟಿಗೆ ತಿರುಗಿಸೋ ನಾಬ್ ಒಂದೇ, ಯಾವುದನ್ನ ಬದಲಾಯಿಸ್ಬೇಕು ಅಂತ ಇನ್ನೊಂದು ನಾಬಲ್ಲಿ ಮೊದಲು ಆರಿಸ್ಕೋಬೇಕು, ಆ ಒಂದು ಹೆಜ್ಜೆ ನನ್ನ ಡಬ್ಬಿಯಲ್ಲಿಲ್ಲ. ಪೈಲಟ್ ತಲೆ ಮೇಲಿರೋ ಓವರ್‌ಹೆಡ್ ಪ್ಯಾನಲಿಗೆ ಮಾತ್ರ ಈಗಲೂ ಮೌಸೇ ಬಳಸ್ತೀನಿ, ಅಲ್ಲಿರೋ ಸ್ವಿಚ್‌ಗಳ ಕೆಲಸ ಬಹುಪಾಲು ನೆಲದ ಮೇಲಿದ್ದಾಗಲೇ ಮುಗಿದಿರುತ್ತೆ.