ಗೋಕರ್ಣಕ್ಕೆ ನಡೆದು ಹೋಗಲು ಶೂ, ಸ್ಯಾಂಡಲ್, ಹವಾಯಿ

ನಾಲ್ಕೂವರೆ ಸಾವಿರ ಕೊಟ್ಟು ತಂದ ಚಾರಣದ ಶೂ ಈಗ ನಮ್ಮ ಮನೆಯ ಅಟ್ಟದಲ್ಲಿದೆ. ಸಾವಿರದ ಮುನ್ನೂರರ ಪಟ್ಟಿ ಸ್ಯಾಂಡಲ್ ಬಾಗಿಲ ಬಳಿಯೇ ಇದೆ, ಬರುವ ಜನವರಿಗೂ ಅದನ್ನೇ ಮೆಟ್ಟಿ ಹೊರಡುತ್ತೇನೆ. ಯಾವುದು ಗೆದ್ದಿತು ಎಂದು ಬೇರೆ ಹೇಳಬೇಕಿಲ್ಲ.

ಎರಡು ವರ್ಷವೂ ದಾರಿ ಒಂದೇ. ಬೆಳಿಗ್ಗೆ ಧಾರೇಶ್ವರದಲ್ಲಿ ದರ್ಶನ, ಅಲ್ಲಿಂದ ರಿಕ್ಷಾದಲ್ಲಿ ಕುಮಟಾ ದಾಟಿ ಬಾಡ. ಆಮೇಲೆ ಸಮುದ್ರವನ್ನು ಎಡಕ್ಕೆ ಇಟ್ಟುಕೊಂಡು ಕಾಗಾಲ, ಅಘನಾಶಿನಿ. ತಾರಿ ದೋಣಿಯಲ್ಲಿ ಹೊಳೆ ದಾಟಿದರೆ ತದಡಿ. ಮುಂದೆ ಬೇಲೇಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂಬ ಕಡಲತೀರಗಳು, ಕೊನೆಗೆ ಗೋಕರ್ಣ. ನನ್ನ ಮೊಬೈಲ್ ಎಣಿಸಿದ್ದು 22 ಕಿಲೋಮೀಟರ್. ಜೊತೆಗೆ ಅಕ್ಕ, ಭಾವ ಮತ್ತು ಅರವತ್ತಮೂರರ ಚಿಕ್ಕಮ್ಮ. ಹರಕೆ ಚಿಕ್ಕಮ್ಮನದು. ನಾವು ಅವರಿಗೆ ಬೆಂಗಾವಲು ಎಂದುಕೊಂಡು ಹೊರಟವರು.

‘ಒಂದು ಹನಿ ನೀರೂ ಒಳಗೆ ಹೋಗುವುದಿಲ್ಲ’ ಎಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಹೋದ ನೀರು ಹೊರಗೂ ಬರುವುದಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅಘನಾಶಿನಿ ಇನ್ನೂ ದೂರವಿದ್ದಾಗ ಮರಳನ್ನು ಸೀಳಿ ಸಮುದ್ರಕ್ಕೆ ಹರಿಯುವ ಒಂದು ಸಣ್ಣ ಹಳ್ಳ ಸಿಕ್ಕಿತು. ಧೈರ್ಯವಾಗಿ ಕಾಲಿಟ್ಟೆ. ಅದೇ ಹೊತ್ತಿಗೆ ಬಂದ ಅಲೆ ಮೊಣಕಾಲವರೆಗೆ ಏರಿ, ಶೂವಿನ ಬಾಯಿಂದಲೇ ಒಳಗಿಳಿಯಿತು. ಬರೀ ಬಟ್ಟೆಯ ಶೂ ಆಗಿದ್ದರೆ ಹತ್ತು ಹೆಜ್ಜೆಗೆ ಬಸಿದು ಹೋಗುತ್ತಿತ್ತು. ಇದರ ಒಳಪೊರೆಗೆ ಒಳಗೂ ಹೊರಗೂ ಒಂದೇ.

ಮಗುಚಿ ಹಾಕಿದ್ದ ದೋಣಿಯೊಂದರ ಮೇಲೆ ಕುಳಿತು ಬಗ್ಗಿಸಿದೆ. ಒಂದೊಂದರಿಂದಲೂ ಅರ್ಧ ಲೋಟ ನೀರು. ಕಾಲುಚೀಲ ಹಿಂಡಿದೆ. ಹಿಂಡಿದ ಕಾಲುಚೀಲಕ್ಕೆ ಮರಳು ಮೆತ್ತಿಕೊಂಡಿತು, ಕೊಡವಿದರೆ ಇನ್ನಷ್ಟು. ಉಪ್ಪುಕಾಗದ ಸುತ್ತಿಕೊಂಡು ನಡೆದಂತೆ ಬೇಲೇಕಾನದವರೆಗೆ ನಡೆದೆ. ಅಲ್ಲಿ ಬಿಚ್ಚಿ ನೋಡಿದರೆ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಗುಳ್ಳೆ.

ಇದರ ಮೇಲೆ ಲೇಸಿನ ಕಾಟ. ಗೋಕರ್ಣದಲ್ಲಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಉಪ್ಪುನೀರು ಕುಡಿದು, ಮರಳು ಕಚ್ಚಿ ಬಿಗಿದ ಗಂಟು ಉಗುರಿಗೆ ಜಗ್ಗಲಿಲ್ಲ. ಭಾವ ಕಾಯಿ-ಹಣ್ಣಿನ ಬುಟ್ಟಿ ಹಿಡಿದು ನಿಂತೇ ಇದ್ದರು. ಆತ್ಮಲಿಂಗಕ್ಕೆ ಸುತ್ತಿದ್ದ ದಾರ ಬಿದ್ದ ಜಾಗವೇ ಧಾರೇಶ್ವರ ಎಂಬ ಕಥೆಯಿದೆಯಲ್ಲ, ‘ನಿನ್ನ ದಾರವನ್ನೂ ಬೆಳಿಗ್ಗೆ ಅಲ್ಲೇ ಬಿಟ್ಟು ಬರಬೇಕಿತ್ತು ಮಾರಾಯ’ ಎಂದಳು ಅಕ್ಕ.

ಮರುವರ್ಷ ಸ್ಯಾಂಡಲ್. ಅದೇ ಹಳ್ಳ, ಅಂಥದೇ ಅಲೆ. ನೀರು ಬಂತು, ಹೋಯಿತು. ಕಲ್ಲು ಸಿಕ್ಕಿದರೆ ಕಾಲು ಒದರಿದರಾಯಿತು. ದೇವಸ್ಥಾನದ ಮುಂದೆ ಎರಡು ಪಟ್ಟಿ ಎಳೆದರೆ ಮುಗಿಯಿತು.

ದೋಷ ಇಲ್ಲವೆಂದಲ್ಲ. ಹಾಫ್ ಮೂನ್‌ನಿಂದ ಓಂ ಕಡೆಗೆ ಚಿರೆಕಲ್ಲಿನ ಗುಡ್ಡ ಹತ್ತಿಳಿಯುವಾಗ ಹೆಬ್ಬೆರಳು ಎಡವಿ ಉಗುರು ಕಪ್ಪಾಯಿತು. ಅಲ್ಲಿ ಶೂವೇ ಮೇಲು, ಒಪ್ಪುತ್ತೇನೆ. ಅಂಟುಪಟ್ಟಿಗೆ ಮರಳು ತುಂಬಿ ಸಂಜೆಯ ಹೊತ್ತಿಗೆ ಹಿಡಿತ ಸಡಿಲವಾಗಿತ್ತು; ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಸರಿಯಾಗುತ್ತದೆ. ಪಾದದ ಮೇಲಿನ ಪಟ್ಟಿಯ ಬಿಳಿ ಗುರುತು ಯುಗಾದಿಯವರೆಗೂ ಹೋಗಲಿಲ್ಲ.

ಬರಿಗಾಲು? ಬೆಳಿಗ್ಗೆ ಸುಖ, ಮಧ್ಯಾಹ್ನ ಒಣ ಮರಳಿನ ಮೇಲೆ ಕುಣಿತ.

ಹವಾಯಿ ಚಿಕ್ಕಮ್ಮನದು. ಒದ್ದೆ ಮರಳಿನಲ್ಲಿ ಅದು ಹೆಜ್ಜೆಹೆಜ್ಜೆಗೂ ಸೀರೆಯ ಹಿಂದಕ್ಕೆ ಕೆಸರು ಚಿಮ್ಮಿಸುತ್ತದೆ. ಹಾಗಾಗಿ ನೀರಂಚಿನಲ್ಲಿ ಅದನ್ನು ಚೀಲಕ್ಕೆ ಹಾಕಿ ನಡೆದರು, ಬಂಡೆ ಬಂದಾಗ ಮಾತ್ರ ಮೆಟ್ಟಿದರು. ಎರಡು ಸಲವೂ ಕುಡ್ಲೆಯ ಇಳಿಜಾರಿನಲ್ಲಿ ನಮ್ಮ ದಾರಿ ನೋಡುತ್ತ ಕುಳಿತಿದ್ದವರು ಅವರೇ. ಆದರೆ ಗದ್ದೆಯ ಬದುವಿನ ಮೇಲೆ ಪಳಗಿದ ಆ ಕಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನ್ನಂತೆ ವರ್ಷವಿಡೀ ಮೇಜಿನ ಕೆಳಗೆ ಕಾಲು ಇಳಿಬಿಟ್ಟು ಕೂರುವವರಿಗೆ ಹಿಮ್ಮಡಿಗೊಂದು ಪಟ್ಟಿ ಬೇಕೇ ಬೇಕು.

ಮಳೆಗಾಲದಲ್ಲಿ ಉಂಬಳದ ಕಾಡು ಸುತ್ತುವವರು ಶೂವನ್ನೇ ಕೊಳ್ಳಲಿ. ನಾನು ನಡೆಯುವುದು ವರ್ಷಕ್ಕೊಂದು ದಿನ, ಅದೂ ಸಮುದ್ರದ ಅಂಚಿನಲ್ಲಿ. ಅಟ್ಟದಲ್ಲಿರುವುದನ್ನು ಭಾವನಿಗೆ ದಾಟಿಸೋಣವೆಂದರೆ ಅದು 9ನೇ ಅಳತೆ, ಅವರ ಕಾಲು 7.