ಒತ್ತಡದ ಮಾತ್ರೆ, 60ರ ಡಬ್ಬಿ: ಐದಕ್ಕೆ ಒಂದು ಸ್ಟಾರ್

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಂದು ಮೆಡಿಕಲ್‌ನಲ್ಲಿ ತಗೊಂಡೆ, 720 ರೂಪಾಯಿ. ಕಂಪನಿ ಹೆಸರು ಬರೆಯಲ್ಲ, ಇಂಥವು ಹತ್ತಾರಿವೆ. ಡಬ್ಬಿ ಮೇಲೆ ಮಿಂಚು ಹೊಡೆಯುವ ಮೆದುಳು, ಕೆಳಗೆ ‘ಗ್ಲುಟಾಮಿಕ್ ಆ್ಯಸಿಡ್ ಇದೆ, ಒತ್ತಡ ಓಡಿಸುತ್ತದೆ’ ಅಂತ. ಅಂಗಡಿ ಹುಡುಗ ‘ಎಲ್ರೂ ತಗೊಂಡ್ ಹೋಗ್ತಾರೆ ಸಾರ್’ ಅಂದ.

ನಾನು ಕಾಫಿ ಕ್ಯೂರಿಂಗ್ ಕಡೆ ಲೆಕ್ಕ ಬರೆಯುವವನು. ಕೊಯ್ಲಿನ ಕಾಲದಲ್ಲಿ ನಿದ್ದೆಗೆಡೋದು ರೂಢಿ. ಆದರೆ ವರ್ಷದಲ್ಲಿ ಮೂರನೇ ಮ್ಯಾನೇಜರ್ ಬಂದ ಮೇಲೆ ರಾತ್ರಿ ಮೂರಕ್ಕೇ ಎಚ್ಚರ, ಹೊಟ್ಟೆ ಸಂಕಟ, ಮನೆಯಲ್ಲಿ ಸುಮ್ನೆ ರೇಗಾಟ. 22 ದಿನ ನುಂಗಿದೆ. ಏನೂ ಆಗಲಿಲ್ಲ.

ಆಮೇಲೆ ಕೂತು ಓದಿದೆ, ಮೊದಲೇ ಓದಬೇಕಿತ್ತು ಅಲ್ವಾ. ಮೆದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸೋಕೆ ಹೆಚ್ಚಾಗಿ ಬಳಸೋದೇ ಗ್ಲುಟಮೇಟ್, ಅಂದರೆ ಡಬ್ಬಿ ಮೇಲಿನ ಗ್ಲುಟಾಮಿಕ್ ಆ್ಯಸಿಡ್‌ನದೇ ಒಂದು ರೂಪ. ಅದನ್ನು ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ. ನಾವು ತಿಂದದ್ದು ಬಹುಪಾಲು ಕರುಳಲ್ಲೇ ಖರ್ಚು, ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆ ದಾಟೋದು ತೀರಾ ಕಡಿಮೆ. ಟೊಮೆಟೊ ಸಾರಿನಲ್ಲೂ ಗ್ಲುಟಮೇಟ್ ಇದೆ, ಅದಕ್ಕೆ 720 ರೂಪಾಯಿ ಯಾರೂ ಕೇಳಲ್ಲ.

ಇನ್ನೂ ತಮಾಷೆ ಮುಂದಿದೆ. ಬಹಳ ದಿನದ ಒತ್ತಡದಲ್ಲಿ ತೊಂದರೆ ಗ್ಲುಟಮೇಟ್ ಸಾಲದೆ ಬಂದದ್ದು ಅಂತೇನಲ್ಲ. ಇಲಿಗಳನ್ನು ದಿನಕ್ಕೆ ಆರು ಗಂಟೆಯಂತೆ 21 ದಿನ ಅಲುಗಾಡದ ಹಾಗೆ ಇಟ್ಟರೆ, ನೆನಪಿನ ಜಾಗವಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕವಲುಗಳು ಮೋಟಾಗುತ್ತವೆ. ಗ್ಲುಟಮೇಟ್ ಬಂದು ಕೂರುವ ಎನ್‌ಎಂಡಿಎ ಗ್ರಾಹಕವನ್ನು ಔಷಧಿಯಿಂದ ತಡೆದರೆ ಆ ಹಾನಿ ತಪ್ಪುತ್ತದೆ. ಅಲ್ಲಿ ತಡೆದದ್ದನ್ನು ಇವರು ತುಂಬಿಸೋಕೆ ಹೊರಟಿದ್ದಾರೆ! ಗ್ರಾಹಕ ಅಂದರೆ ರಿಸೆಪ್ಟರ್. ಮೋಸ ಹೋದ ಗ್ರಾಹಕ ನಾನು, ಅದು ಬೇರೆ.

ಇನ್ನೊಂದು ಪ್ರಯೋಗ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾಲ್ಕು ಸಣ್ಣ ಗಂಡಿಲಿಗಳ ಜೊತೆಗೆ ದೊಡ್ಡದೊಂದು ಗಂಡಿಲಿ, 19 ದಿನ, ಅವು ಒಗ್ಗಿಕೊಂಡುಬಿಡಬಾರದು ಅಂತ ವಾರಕ್ಕೊಬ್ಬ ಹೊಸ ಯಜಮಾನ. ನಮ್ಮ ಆಫೀಸೇ. ಅಂಜಿಕೆ ಹೆಚ್ಚುತ್ತದೆ, ಕರುಳೂ ಕೆಡುತ್ತದೆ. ಎಂ-ಗ್ಲು-5 ಅನ್ನೋ ಇನ್ನೊಂದು ಗ್ಲುಟಮೇಟ್ ಗ್ರಾಹಕದ ಸದ್ದಡಗಿಸಿದಾಗ ಈ ಕಾಟದಲ್ಲಿ ಎಷ್ಟೋ ಇಳಿಯಿತು ಅಂತ 2017ರಲ್ಲಿ ಬರೆದಿದ್ದಾರೆ. ಆದರೆ ಅದು ಇಲಿಗೆ. ನಮಗೆ ಅಂಥ ಮಾತ್ರೆ ಇನ್ನೂ ಅಂಗಡಿಗೆ ಬಂದಿಲ್ಲ. ಎನ್‌ಎಂಡಿಎ ತಡೆಯುವ ಎಸ್ಕೆಟಮಿನ್ ಸ್ಪ್ರೇಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದೂ ಬೇರೆ ಔಷಧಿಗೆ ಬಗ್ಗದ ಖಿನ್ನತೆಗೆ, ಆಸ್ಪತ್ರೆಯವರ ಕಣ್ಣೆದುರೇ ಮೂಗಿಗೆ ಹೊಡೆದುಕೊಳ್ಳಬೇಕು.

ಕೊನೆಗೆ ಒಂದು ರಾತ್ರಿ 14416ಕ್ಕೆ, ಅದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿದೆ. ಪುಕ್ಕಟೆ, ಕನ್ನಡದಲ್ಲೇ ಮಾತಾಡಿದರು. ನಿದ್ದೆ ಬಗ್ಗೆ ಸಮಾಧಾನವಾಗಿ ಕೇಳಿ, ಮನೋವೈದ್ಯರನ್ನು ನೋಡಿ ಅಂದರು. ನೋಡಿದೆ. ಈಗ ಪರವಾಗಿಲ್ಲ, ಐದು ಗಂಟೆವರೆಗೆ ಮಲಗುತ್ತೇನೆ.

ಆ ಒಂದು ಸ್ಟಾರ್ ಡಬ್ಬಿಗೆ. ಮುಚ್ಚಳ ಗಟ್ಟಿ ಇದೆ, ಮಳೆಗಾಲದಲ್ಲೂ ತೇವ ಹೋಗಲ್ಲ. ಹೆಂಡತಿ ಏಲಕ್ಕಿ ಹಾಕಿಟ್ಟಿದ್ದಾಳೆ.