ಹಾಲಿನ ಡೈರಿಯಲ್ಲಿ ಐದು ವರ್ಷ: ಪೈತಾನ್ ಟ್ರೇಸ್‌ಬ್ಯಾಕ್ ಬಳಸಿದ ಅನುಭವ

ಮಂಡ್ಯ ಹತ್ತಿರದ ಒಂದು ಹಳ್ಳಿಯ ಹಾಲಿನ ಡೈರಿಗೆ 2020ರಲ್ಲಿ ಪೈತಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟೆ. ಅವತ್ತಿನಿಂದ ಅದನ್ನು ನೋಡಿಕೊಳ್ಳುತ್ತಿರುವವನೂ ನಾನೇ. ಪ್ರೋಗ್ರಾಂ ಕೆಟ್ಟು ನಿಂತಾಗ ಪೈತಾನ್ ತೋರಿಸುವ ಟ್ರೇಸ್‌ಬ್ಯಾಕ್, ಅಂದರೆ ತಪ್ಪು ಏನು, ಎಲ್ಲಿ ಅಂತ ಹೇಳುವ ಸಾಲುಗಳು, ಎಷ್ಟು ಕೆಲಸಕ್ಕೆ ಬಂತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೆಲ್ಲ ಸಂಜೆ ಹಾಲು ಹಾಕುವ ಹೊತ್ತಿಗೇ ಫೋನ್ ಬರುತ್ತಿತ್ತು. "ಏನೇನೋ ಇಂಗ್ಲಿಷ್‌ನಲ್ಲಿ ಬಂದ್ಬುಡ್ತು ಕಣಣ್ಣ" ಅಂತ ಸೆಕ್ರೆಟ್ರಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಅದರಲ್ಲಿ ಮೇಲಿನ ನಾಲ್ಕು ಸಾಲು ಮಾತ್ರ. ಪೈತಾನ್‌ನಲ್ಲಿ ಎರರ್‌ನ ಹೆಸರು ಇರುವುದು ಕಟ್ಟಕಡೆಯ ಸಾಲಿನಲ್ಲಿ. ಅದರ ಮೇಲಿನ ಸಾಲು ತಪ್ಪು ನಡೆದ ಜಾಗ. ಜಾವಾ ಅನ್ನುವ ಇನ್ನೊಂದು ಭಾಷೆಯಲ್ಲಿ ಇದು ತಿರುಗಾಮುರುಗಾ, ಹೆಸರು ಮೇಲೆಯೇ ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿಯಾದರೆ ಅರ್ಧ ಗೆದ್ದಂತೆ.

ಡೈರಿಯ ಹಳೇ ಕಂಪ್ಯೂಟರ್‌ನಲ್ಲಿ ವಿಂಡೋಸ್ 7 ಇತ್ತು. ಅದಕ್ಕೆ ಪೈತಾನ್ 3.8ಕ್ಕಿಂತ ಹೊಸ ಆವೃತ್ತಿ ಹಾಕಲಾಗುವುದಿಲ್ಲ. ನನ್ನ ಬಿಲ್ಲಿನ ಲೆಕ್ಕವೆಲ್ಲ ಒಂದೇ ಸಾಲು: ಲೀಟರ್ * (ಫ್ಯಾಟ್ * ಫ್ಯಾಟ್ ದರ + ಎಸ್‌ಎನ್‌ಎಫ್ * ಎಸ್‌ಎನ್‌ಎಫ್ ದರ). ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ, * ಅಂದರೆ ಗುಣಾಕಾರ. ಒಂದು ಖಾನೆ ಖಾಲಿ ಬಿಟ್ಟರೆ ಟೈಪ್‌ಎರರ್, ಅಂದರೆ ಸಂಖ್ಯೆ ಇರಬೇಕಾದ ಕಡೆ ಬೇರೇನೋ ಇದೆ ಅನ್ನುವ ಎರರ್. ಆದರೆ ಖಾಲಿ ಇದ್ದದ್ದು ಫ್ಯಾಟೋ ಎಸ್‌ಎನ್‌ಎಫೋ? 3.8 ಇಡೀ ಸಾಲನ್ನು ತೋರಿಸಿ ಸುಮ್ಮನಾಗುತ್ತಿತ್ತು. ನಾನು ಪುಸ್ತಕ ತೆಗೆಸಿ ಒಂದೊಂದೇ ಎಂಟ್ರಿ ತಾಳೆ ನೋಡಿಸಬೇಕಿತ್ತು.

ಆಮೇಲೆ ಕಂಪ್ಯೂಟರ್ ಬದಲಾಯಿಸಿ 3.11 ಹಾಕಿದೆವು. 2022ರ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿ ಅದು. ಈಗ ಕೆಟ್ಟ ಗುಣಾಕಾರದ ಚಿಹ್ನೆಯ ಕೆಳಗೇ ^ ಗುರುತು ಬೀಳುತ್ತದೆ, ಅದರ ಅಕ್ಕಪಕ್ಕದ ಎರಡು ಹೆಸರುಗಳ ಕೆಳಗೆ ~ ಗೆರೆ. ನೋಡಿದ ತಕ್ಷಣ ಗೊತ್ತಾಗುತ್ತದೆ. ಇದೊಂದಕ್ಕೇ ಹೊಸ ಆವೃತ್ತಿಗೆ ಹೋಗಬಹುದು. 3.13ರಲ್ಲಿ ಬಣ್ಣವೂ ಬಂದಿದೆ, ಚೆನ್ನಾಗಿದೆ.

ಒಂದು ತಪ್ಪು ನನ್ನದೇ. ಫೋನ್ ಕಾಟ ತಪ್ಪಲಿ ಅಂತ ಒಂದು ಕಡೆ ಎಕ್ಸೆಪ್ಟ್ (ಎರರ್ ಹಿಡಿಯುವ ಆದೇಶ) ಬರೆದು ಕೆಳಗೆ ಪಾಸ್ (ಏನೂ ಮಾಡದೆ ಮುಂದೆ ಹೋಗು) ಹಾಕಿಬಿಟ್ಟಿದ್ದೆ. ಎರರ್ ಕಾಣುವುದು ನಿಂತಿತು. ಬಟವಾಡೆ ದಿನ ನೋಡಿದರೆ ಕೆಲವರ ಸಂಜೆ ಹಾಲು ಲೆಕ್ಕಕ್ಕೇ ಬಂದಿರಲಿಲ್ಲ. ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸುವವರ ದುಡ್ಡು ಅದು. ಅವತ್ತೇ ಆ ಪಾಸ್ ಕಿತ್ತು ಲಾಗಿಂಗ್.ಎಕ್ಸೆಪ್ಷನ್ ಹಾಕಿದೆ. ಅದರಿಂದ ಪೂರ್ತಿ ಟ್ರೇಸ್‌ಬ್ಯಾಕ್ ಲಾಗ್ ಫೈಲ್‌ಗೆ, ಅಂದರೆ ನಡೆದದ್ದನ್ನು ಬರೆದಿಡುವ ಫೈಲ್‌ಗೆ, ಹೋಗುತ್ತದೆ, ಫೋಟೋ ಬೇಕಾಗಿಲ್ಲ.

ಟ್ರೇಸ್‌ಬ್ಯಾಕ್‌ಗೆ ಕೊರತೆಯೂ ಇದೆ. ಯಾವ ಸಾಲು ಅಂತ ಹೇಳುತ್ತದೆ, ಆ ಹೊತ್ತಿಗೆ ಅದರೊಳಗೆ ಯಾವ ಅಂಕಿ ಇತ್ತು ಅಂತ ತಾನಾಗಿ ಹೇಳುವುದಿಲ್ಲ. ಹೀಗಾಗಿ ಯಾರ ಹಾಲು ಅನ್ನುವುದು ತಿಳಿಯುತ್ತಿರಲಿಲ್ಲ. 3.11ರಲ್ಲೇ ಬಂದ ಆಡ್_ನೋಟ್ ಇದಕ್ಕೆ ದಾರಿ, ಎರರ್‌ಗೆ ನಮ್ಮದೊಂದು ಟಿಪ್ಪಣಿ ಸೇರಿಸುವ ಸೌಲಭ್ಯ ಅದು. ಎರರ್ ಹಿಡಿದು, ಸದಸ್ಯರ ನಂಬರನ್ನು ಕನ್ನಡದಲ್ಲೇ ಅಂಟಿಸಿ, ಮತ್ತೆ ರೈಸ್ ಮಾಡುತ್ತೇನೆ, ಅಂದರೆ ಅದೇ ಎರರ್ ಮತ್ತೆ ಎಬ್ಬಿಸುತ್ತೇನೆ. ಆ ಟಿಪ್ಪಣಿ ಎರರ್ ಹೆಸರಿನ ಸಾಲಿನ ಕೆಳಗೆ ಬರುತ್ತದೆ. ವಿಂಡೋಸ್‌ನಲ್ಲಿ ಲಾಗ್ ಫೈಲ್‌ಗೆ ಯುಟಿಎಫ್-8 (ಕನ್ನಡ ಅಕ್ಷರಗಳನ್ನೂ ಬರೆದಿಡಬಲ್ಲ ಸಂಕೇತ ಪದ್ಧತಿ) ಅಂತ ನೀವೇ ಹೇಳುವುದು ಒಳ್ಳೆಯದು, ಇಲ್ಲದಿದ್ದರೆ ಕನ್ನಡ ಅಕ್ಷರ ಬಂದ ಕಡೆಯೇ ಇನ್ನೊಂದು ಎರರ್ ಬರಬಹುದು.

ಈಗಲೂ ಸೆಕ್ರೆಟ್ರಿ ಫೋನ್ ಮಾಡುತ್ತಾರೆ. "ನೂರ ಹನ್ನೆರಡರ ಫ್ಯಾಟ್ ಖಾಲಿ ಅಂತ ಬಂದಿತ್ತು ಕಣಣ್ಣ, ತುಂಬ್ಬುಟ್ಟೆ."